ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆ

ಹೋದ ವಾರ ಎರಡು ದಿನದ ತರಬೇತಿಗೆಂದು ಆಲೂರಿನಿಂದ ಸಕಲೇಶಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಡೆದು ಬರುತ್ತಿದ್ದೆ. ನಾನು ಹಿಂದೆ ಬಾಡಿಗೆಗಿದ್ದ ಹಾರ್ಡ್‌ವೇರ್ ಅಂಗಡಿಯ ಕಟ್ಟಡ ಅಲ್ಲೇ ಇದೆ, ಬಣ್ಣ ಮಾತ್ರ ಬದಲಾಗಿದೆ. ಮೆಟ್ಟಿಲಿನ ಕಂಬಿಗೆ ಒಂದು ರಟ್ಟು ಕಟ್ಟಿದ್ದರು: ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಓದಿ ಜೋರಾಗಿ ನಗು ಬಂತು. ಜೊತೆಗೆ ತರಬೇತಿಗೆ ಬಂದಿದ್ದ ನಮ್ಮ ಶಾಲೆಯ ಹೊಸ ಮೇಡಂ, ‘ಏನಾಯ್ತು?’ ಅಂದರು. ಏನಿಲ್ಲ ಅಂದೆ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಆ ಪೇಟೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದೆ. ಊರು ಹೆತ್ತೂರಿನ ಕಡೆ. ಮಳೆ ಹಿಡಿಯಿತೆಂದರೆ ನಮ್ಮೂರ ಬಸ್ಸು ಒಂದು ದಿನ ಬಂದರೆ ಎರಡು ದಿನ ಇಲ್ಲ. ರಸ್ತೆಗೆ ಮರ ಬಿತ್ತು, ಧರೆ ಕುಸಿಯಿತು, ಇಲ್ಲವೇ ಡ್ರೈವರಿಗೆ ಜ್ವರ. ಹತ್ತನೇ ತರಗತಿ ನನ್ನ ಪಾಲಿಗೆ ಬಂದ ವರ್ಷ ಈ ಗೋಳು ಬೇಡವೆಂದು ಪೇಟೆಯಲ್ಲೇ ಮನೆ ಹುಡುಕಿದೆ.

ಮದುವೆಯಾಗದ ಮೂವತ್ತೆರಡರ ಹೆಂಗಸಿಗೆ ಬಾಡಿಗೆ ಮನೆ ಹುಡುಕುವುದೆಂದರೆ ಊರಿನ ದಡ್ಡರೆಲ್ಲರ ಮುಂದೆ ಪರೀಕ್ಷೆಗೆ ಕೂತ ಹಾಗೆ. ಒಬ್ಬಳು ಬಾಗಿಲಲ್ಲೇ ನಿಂತು ನನ್ನ ಕೊರಳು, ಕಾಲ್ಬೆರಳು ನೋಡಿ, ‘ಮನೆ ನಿನ್ನೆ ಹೋಯ್ತು’ ಅಂದಳು. ಬೋರ್ಡು ಅವಳ ತಲೆಯ ಮೇಲೇ ತೂಗುತ್ತಿತ್ತು. ಇನ್ನೊಬ್ಬ ನಿವೃತ್ತ ಮಹಾಶಯ, ‘ನಿಮ್ಮ ಜವಾಬ್ದಾರಿ ಯಾರು ಹೊರ್ತಾರೆ? ಅಣ್ಣನೋ ತಮ್ಮನೋ ಬಂದು ಮಾತಾಡ್ಲಿ’ ಅಂದ. ನೂರಿಪ್ಪತ್ತು ಮಕ್ಕಳ ಜವಾಬ್ದಾರಿ ಹೊರುವವಳಿಗೆ!

ಕೊನೆಗೆ ಸಿಕ್ಕಿದ್ದು ಈ ಮನೆ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಈಚೆಗೆ ಒಂದು ರೂಮು, ಒಂದು ಗೇಣು ಬಾಲ್ಕನಿ ಇದ್ದರೆ ಅದಕ್ಕೆ ಅಪಾರ್ಟ್‌ಮೆಂಟ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಸಿಂಕಿಗೆ ಒರಗಬೇಕು. ಬಾಲ್ಕನಿಯಿಂದ ಕೈ ಚಾಚಿದರೆ ಪಕ್ಕದ ಲಾಡ್ಜಿನ ಗೋಡೆ. ಕೆಳಗೆ ಮಾಲೀಕರದೇ ಹಾರ್ಡ್‌ವೇರ್ ಅಂಗಡಿ; ಬೆಳಗಾಗುವ ಮುಂಚೆ ಕಬ್ಬಿಣದ ಸರಳು ಇಳಿಸುವ ಸದ್ದು, ಆಮೇಲೆ ಪೈಪು ಕೊಯ್ಯುವ ಸದ್ದು. ಬೀದಿ ತುದಿಯಲ್ಲಿ ‘ಬೆಳಗೋಡ್, ಬೆಳಗೋಡ್, ಬೆಳಗೋಡ್’ ಎಂದು ಕಂಡಕ್ಟರು ಬಾಯಿ ಹರಿದುಕೊಳ್ಳುವುದು. ತೋಟಕ್ಕೆ ಆಳು ತುಂಬಿಕೊಂಡ ಜೀಪುಗಳು, ಹೈವೇ ಜಾಮಾದರೆ ಒಳದಾರಿ ಹುಡುಕಿ ಬಂದು ಸಿಕ್ಕಿಹಾಕಿಕೊಳ್ಳುವ ಕಾರುಗಳು. ಇದಕ್ಕೆ ಮಾಲೀಕರು, ‘ಸೆಂಟ್ರಲ್ ಪ್ಲೇಸ್ ಮೇಡಂ’ ಎನ್ನುತ್ತಿದ್ದರು.

ಮಾಲೀಕರ ಹೆಸರು ರಾಜಶೇಖರಪ್ಪ. ಬಿಳಿ ಅಂಗಿ, ಹಣೆಗೆ ಮೂರು ಗೆರೆ, ಮಾತಿನ ತುದಿಯಲ್ಲಿ ಯಾವಾಗಲೂ ಒಂದು ನಗು. ಅಂಗಡಿಯ ಗಲ್ಲಾದ ಹಿಂದೆ ಕೂತು ನನ್ನನ್ನು ವಿಚಾರಿಸಿದರು.

‘ಯಾವೂರು ಮೇಡಂ?’

‘ಹೆತ್ತೂರ ಹತ್ರ.’

‘ಓಹೋ, ಒಳ್ಳೆ ಮನೆತನಗಳಿರೋ ಕಡೆ. ನೋಡಿ, ಒಂದೇ ಮಾತು. ನಮ್ಮ ಬಿಲ್ಡಿಂಗ್‌ನಲ್ಲಿ ಮಾಂಸ, ಮೀನು ನಡೆಯಂಗಿಲ್ಲ. ನಮ್ಮ ತಾಯಿ ಮೇಲ್ಗಡೆ ಅವ್ರೆ. ವಾಸ್ನೆ ಬಂದ್ರೆ ಊಟ ಬುಟ್ಬುಡ್ತಾರೆ.’

‘ನಾನು ತಿನ್ನಲ್ಲ’ ಅಂದೆ.

‘ಮೊಟ್ಟೆ?’

‘ಅದೂ ಇಲ್ಲ.’

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಮ್ಮ ಮನೆಯಲ್ಲಿ ಕೋಳಿ ಕೂಗಿಯೇ ಬೆಳಗಾಗುವುದು. ಅವ್ವನ ಕೋಳಿಸಾರಿಗೆಂದೇ ನೆಂಟರು ದಾರಿ ತಪ್ಪಿಸಿಕೊಂಡು ಬರುತ್ತಾರೆ. ಹತ್ತು ಕಡೆ ‘ಇಲ್ಲ’ ಅನ್ನಿಸಿಕೊಂಡಿದ್ದೆ, ಹನ್ನೊಂದನೆಯದಕ್ಕೆ ತಾಕತ್ತಿರಲಿಲ್ಲ ಎಂದು ಆಗ ಸಮಾಧಾನ ಹೇಳಿಕೊಂಡೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಮಿಕ್ಕಿದ್ದರೆ ಒಂದು ತಿಂದು, ಏಲಕ್ಕಿ ಅಗಿಯುತ್ತಾ ಮನೆಗೆ ಬರುತ್ತಿದ್ದೆ. ಮೆಟ್ಟಿಲಲ್ಲಿ ರಾಜಶೇಖರಪ್ಪ ಎದುರಾದರೆ ಉಸಿರು ಬಿಗಿಹಿಡಿದು ನಮಸ್ಕಾರ ಮಾಡುತ್ತಿದ್ದೆ.

ನನ್ನ ಎದುರು ಮನೆಯಲ್ಲಿ ಜೆಸಿಂತ ಸಿಸ್ಟರ್ ಇದ್ದರು. ಆಸ್ಪತ್ರೆಯಲ್ಲಿ ನರ್ಸು, ಮಂಗಳೂರು ಕಡೆಯವರು. ಗಂಡನಿಗೆ ಅಲ್ಲೇ ಬೋಟಿನ ಕೆಲಸ, ಯಾವಾಗಲೋ ಒಮ್ಮೆ ಬಂದು ಹೋಗುತ್ತಿದ್ದರು. ಮಗಳು ಅನಿತ ನನ್ನ ತರಗತಿಯಲ್ಲೇ ಹತ್ತನೇ ಕ್ಲಾಸು. ಕುಳ್ಳಿ, ಮೂರನೇ ಬೆಂಚು, ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳುವ ಹುಡುಗಿ. ಸಿಸ್ಟರಿಗೂ ಮನೆ ಕೊಡುವಾಗ ಅದೇ ಷರತ್ತು. ಅವರು ಅದನ್ನು ಪಾಲಿಸುತ್ತಿದ್ದರು. ಮೀನು ಬೇಕೆನಿಸಿದರೆ ತಾಯಿ ಮಗಳು ಭಾನುವಾರ ಚರ್ಚು ಮುಗಿಸಿ ಹೋಟೆಲಿನಲ್ಲಿ ತಿಂದು ಬರುತ್ತಿದ್ದರು. ಇಷ್ಟಲ್ಲದೆ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಮೇಲಿನ ಮಹಡಿಗೆ ಹತ್ತಿ ಮಾಲೀಕರ ತಾಯಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಟ್ಟು ಬರುತ್ತಿದ್ದರು, ಧರ್ಮಕ್ಕೆ. ಆ ಮುದುಕಿ ಇವರ ಕೈಯ ಸೂಜಿ ಚುಚ್ಚಿಸಿಕೊಳ್ಳುತ್ತಿತ್ತು, ಇವರ ಕೈಯ ನೀರು ಮಾತ್ರ ಕುಡಿಯುತ್ತಿರಲಿಲ್ಲ.

ಸಂಜೆ ಹೊತ್ತು ಅನಿತ ನನ್ನ ಮನೆಗೆ ಪುಸ್ತಕ ಹಿಡಿದು ಬರುತ್ತಿದ್ದಳು. ಸೋರುವ ಬಾಲ್ಕನಿ, ಒಣಗದ ಸೀರೆಗಳ ಮುಗ್ಗಲು ನಾತ, ಅದರ ನಡುವೆ ಚಾಪೆಯ ಮೇಲೆ ಪ್ರಮೇಯಗಳು. ಆ ಮನೆಯಲ್ಲಿ ನನಗೆ ಮರ್ಯಾದೆಯ ಹೊತ್ತು ಅಂತ ಇದ್ದದ್ದು ಅದೊಂದೇ.

ಆಷಾಢದಲ್ಲಿ ನನಗೆ ಶೀತ ಕಟ್ಟಿಕೊಂಡು ಎಂಟು ದಿನವಾದರೂ ಬಿಡಲಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದ ಅವ್ವ ಭಾನುವಾರ ಬೆಳಗಿನ ಬಸ್ಸಿಗೇ ಬಂದಿಳಿದಳು. ಕೈಯಲ್ಲಿ ಒದ್ದೆ ಚೀಲ, ಚೀಲದೊಳಗೆ ಬಾಯಿಗೆ ಬಟ್ಟೆ ಕಟ್ಟಿದ ಪಾತ್ರೆ, ಪಾತ್ರೆಯೊಳಗೆ ಪರಪರ ಸದ್ದು. ಗದ್ದೆ ಏಡಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಬದುವಿನ ಬಿಲದಿಂದ ಏಡಿ ಏಳುತ್ತವೆ. ಎದೆಯ ಕಫಕ್ಕೆ ಅದರ ಸಾರಿಗಿಂತ ಮದ್ದಿಲ್ಲ ಎಂದು ಅವ್ವನ ನಂಬಿಕೆ.

‘ಅವ್ವ, ಇಲ್ಲಿ ಇದನ್ನ ಬೇಯಿಸಂಗಿಲ್ಲ’ ಎಂದು ಪಿಸುಗುಟ್ಟಿದೆ. ವಿಷಯ ಹೇಳಿದೆ.

‘ಬಾಡಿಗೆ ಕೊಡ್ತೀಯೋ ಇಲ್ವೋ?’

‘ಕೊಡ್ತೀನಿ.’

‘ಮತ್ತೆ ಉಣ್ಣಕ್ಕೂ ಅವನ ಅಪ್ಪಣೆ ಬೇಕೇನೆ? ಸುಮ್ನೆ ಕೂತ್ಕ.’

ಸುಮ್ಮನೆ ಕೂರಲಿಲ್ಲ ನಾನು. ಕಿಟಕಿ ಮುಚ್ಚಿದೆ, ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕಿದೆ, ಹತ್ತು ಊದುಬತ್ತಿ ಹಚ್ಚಿದೆ. ಅವ್ವ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತಾ ಮೆಣಸು ಅರೆದಳು. ಸಾರು ಎಂಥ ಸಾರು! ಎರಡನೇ ಬಟ್ಟಲಿಗೆ ಮೂಗು ಬಿಟ್ಟಿತು. ಮಧ್ಯಾಹ್ನದ ಬಸ್ಸಿಗೆ ಅವ್ವ ಹೋದಳು. ಸಂಜೆ ಅನಿತ ಬಾಗಿಲು ತಟ್ಟಿದಳು. ನಾನು ಬಾಗಿಲನ್ನು ಅಂಗೈಯಷ್ಟು ತೆರೆದು, ‘ತಲೆನೋವು ಕಣೆ, ನಾಳೆ ಬಾ’ ಅಂದೆ. ಅವಳ ಮೂಗು ಒಮ್ಮೆ ಅರಳಿತು. ‘ಆಯ್ತು ಮೇಡಂ’ ಎಂದು ಹೋದಳು.

ಚಿಪ್ಪುಗಳನ್ನು ಪೇಪರಿನಲ್ಲಿ ಸುತ್ತಿ, ಎರಡು ಕವರು ಹಾಕಿ, ಮರುದಿನ ಶಾಲೆಗೆ ಹೋಗುವಾಗ ಮೆಟ್ಟಿಲ ಕೆಳಗಿನ ಕಸದ ಡಬ್ಬಿಯ ತಳಕ್ಕೆ ತುರುಕಿದೆ. ಬೀದಿ ನಾಯಿಗೆ ಗಣಿತ ಬರುವುದಿಲ್ಲ, ಮೂಗು ಬರುತ್ತದೆ. ನಾನು ಸಂಜೆ ವಾಪಸು ಬರುವಷ್ಟರಲ್ಲಿ ಮೆಟ್ಟಿಲ ಬುಡದ ತುಂಬ ಏಡಿಯ ಕಾಲು, ಕೊಂಡಿ, ಚಿಪ್ಪು. ರಾಜಶೇಖರಪ್ಪ ನಮ್ಮ ಮಹಡಿಯಲ್ಲಿ ನಿಂತಿದ್ದರು. ಕೆಳಗಿನ ಮನೆಯ ಇನ್ಶೂರೆನ್ಸ್ ಏಜೆಂಟನೂ ಅವನ ಹೆಂಡತಿಯೂ ಸೆರಗು, ಕರ್ಚೀಫು ಮೂಗಿಗೆ ಹಿಡಿದು ಸಾಕ್ಷಿಗೆ ನಿಂತಿದ್ದರು. ಜೆಸಿಂತ ಸಿಸ್ಟರ್ ತಮ್ಮ ಬಾಗಿಲಲ್ಲಿ, ಇನ್ನೂ ಬಿಳಿ ಡ್ರೆಸ್ಸಿನಲ್ಲಿ. ಅವರ ಹಿಂದೆ ಅನಿತ.

‘ನಾನಲ್ಲ ಅಂತ ಹೇಳಿದೆನಲ್ಲ’ ಎನ್ನುತ್ತಿದ್ದರು ಸಿಸ್ಟರ್. ‘ಭಾನುವಾರ ನಾವು ಮನೆಯಲ್ಲೇ ಇರಲಿಲ್ಲ. ಚರ್ಚಿಗೆ ಹೋಗಿ ಸಂಜೆ ಬಂದದ್ದು.’

‘ಇನ್ಯಾರು ತಿಂತಾರೆ ಇಲ್ಲಿ? ನಾನು ತಿಂದ್ನಾ? ಇವ್ರು ತಿಂದ್ರಾ?’ ರಾಜಶೇಖರಪ್ಪ ನನ್ನ ಕಡೆ ತಿರುಗಿದರು. ದನಿ ಮೆತ್ತಗಾಯಿತು. ‘ಮೇಡಂ, ನೀವು ಎದುರು ಮನೇಲೇ ಇರೋರು. ನಿನ್ನೆ ನಿಮಗೇನಾರ ವಾಸ್ನೆ ಬಂತಾ?’

ಮೌನವಾಗಿದ್ದಿದ್ದರೂ ನಡೆಯುತ್ತಿತ್ತು. ಮೌನಕ್ಕಾದರೂ ಎರಡು ಅರ್ಥ ಇರುತ್ತದೆ. ನಾನು ಬಾಯಿ ಬಿಟ್ಟು ಹೇಳಿದೆ: ‘ಬಂದಂಗಿತ್ತು.’

‘ಎಲ್ಲಿಂದ?’

‘ಗೊತ್ತಾಗ್ಲಿಲ್ಲ.’

ಏಜೆಂಟನ ಹೆಂಡತಿ, ‘ಪಾಪ, ಮೇಡಂ ಸಂಕೋಚದೋರು’ ಅಂದಳು. ಸಿಸ್ಟರ್ ನನ್ನನ್ನು ನೋಡಿದರು. ಅನಿತ ನೋಡಲಿಲ್ಲ, ಒಳಗೆ ಹೋದಳು.

‘ತಿಂಗಳ ಕೊನೆಗೆ ಖಾಲಿ ಮಾಡ್ಬುಡಿ ಸಿಸ್ಟರ್’ ಅಂದರು ರಾಜಶೇಖರಪ್ಪ. ‘ಜಗಳ ಬ್ಯಾಡ. ಹೋಗೋವರ್ಗೂ ನಮ್ಮ ತಾಯಿ ಇಂಜೆಕ್ಷನ್ ಮಾತ್ರ ತಪ್ಪಿಸ್ಬ್ಯಾಡಿ.’

‘ನಿಮ್ಮ ತಾಯಿಯನ್ನು ಆಸ್ಪತ್ರೆಗೆ ಕರ್ಕೊಂಡು ಬನ್ನಿ’ ಅಂದರು ಸಿಸ್ಟರ್. ‘ಬೆಳಿಗ್ಗೆ ಕ್ಯೂ ಉಂಟು. ಕ್ಯೂನಲ್ಲಿ ನಿಲ್ಲಿ, ಕೊಡುತ್ತೇನೆ.’ ಬಾಗಿಲು ಹಾಕಿಕೊಂಡರು.

ಆ ತಿಂಗಳ ಉಳಿದ ಇಪ್ಪತ್ತು ದಿನವೂ ಒಂದು ಬಾಗಿಲು ದಾಟಿ ನಿಜ ಹೇಳಲು ನನಗೆ ಅವಕಾಶವಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಸಂಜೆ, ಪರೀಕ್ಷೆಯ ವರ್ಷ, ಮಳೆಗಾಲ, ಮತ್ತೆ ಮನೆ ಎಲ್ಲಿ ಹುಡುಕಲಿ ಎಂದುಕೊಳ್ಳುತ್ತಿದ್ದೆ. ಸಿಸ್ಟರಿಗೂ ಅದೇ ಪರೀಕ್ಷೆಯ ವರ್ಷ, ಅದೇ ಮಳೆಗಾಲ. ಇದು ಲೆಕ್ಕದ ಮೇಡಂಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಹೊಳೆದಿತ್ತು.

ಸಾಮಾನು ಹೊತ್ತ ಗಾಡಿ ಕೆಳಗೆ ನಿಂತಿದ್ದಾಗ ಸಿಸ್ಟರ್ ಬಂದು ಅನಿತಳಿಗೆ ನಾನು ಕೊಟ್ಟಿದ್ದ ಗಣಿತದ ಗೈಡನ್ನು ವಾಪಸು ಕೊಟ್ಟರು. ‘ಇಟ್ಟುಕೊಳ್ಳಲಿ ಸಿಸ್ಟರ್’ ಅಂದೆ.

‘ಬೇಡ ಮೇಡಂ.’ ಒಂದು ಮೆಟ್ಟಿಲು ಇಳಿದು ನಿಂತರು. ‘ಮತ್ತೊಂದು ಮಾತು. ಏಡಿಗೆ ಹುಳಿ ಸ್ವಲ್ಪ ಜಾಸ್ತಿ ಹಾಕ್ಬೇಕು. ಆಗ ವಾಸನೆ ಮೆಟ್ಟಿಲಿಗೆ ಬರುವುದಿಲ್ಲ.’

ದನಿಯಲ್ಲಿ ಸಿಟ್ಟು ಇರಲಿಲ್ಲ. ರೋಗಿಗೆ ಮಾತ್ರೆ ಹೇಗೆ ನುಂಗಬೇಕೆಂದು ಹೇಳುವ ದನಿ.

ಅವರಿಗೆ ಸಿಕ್ಕಿದ್ದು ಆನೇಮಹಲ್‌ನಲ್ಲಿ, ಹೈವೇ ಪಕ್ಕದ ಒಂದು ಗ್ಯಾರೇಜಿನ ಹಿಂದೆ ಎರಡು ರೂಮು. ಅಲ್ಲಿಯವರೆಗೆ ನಡೆದೇ ಶಾಲೆಗೆ ಬರುತ್ತಿದ್ದ ಹುಡುಗಿ ಈಗ ಬಸ್ಸು ಕಾಯಬೇಕು. ಲಾರಿಗಳು ಸಾಲುಗಟ್ಟಿದ ದಿನ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಒದ್ದೆಯಾಗಿ, ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊದಲ ಪೀರಿಯಡ್ಡು ನನ್ನದೇ. ‘ಒಳಗೆ ಬಾ’ ಎಂದು ನಾನೇ ಹೇಳಬೇಕು. ‘ಥ್ಯಾಂಕ್ಯೂ ಮೇಡಂ’ ಎಂದು ಅವಳು ಬಂದು ಕೂರುತ್ತಿದ್ದಳು. ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು.

ಎದುರು ಮನೆಗೆ ಹೊಸ ಬಾಡಿಗೆಯವರು ಬರಲಿಲ್ಲ. ಬಣ್ಣ ಬಂತು, ಹೊಸ ಮಂಚ ಬಂತು, ಗೋಡೆಗೆ ಕಾಫಿ ಹಣ್ಣಿನ ದೊಡ್ಡ ಫೋಟೋ ಬಂತು. ದಸರಾ ರಜೆಯ ಹೊತ್ತಿಗೆ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಯಾವುದೋ ‘ಸ್ಟೇ’ ಎಂಬ ಬೋರ್ಡು. ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಕಾರುಗಳು. ಮಂಜು ನೋಡಲು ಬಂದವರು ಲಾಡ್ಜಿನ ಗೋಡೆ ನೋಡಿಕೊಂಡು, ಬಾಲ್ಕನಿಯಲ್ಲೇ ಇದ್ದಿಲು ಒಲೆ ಹಚ್ಚಿ ಕೋಳಿ ಸುಡುತ್ತಿದ್ದರು. ಸೋಮವಾರ ಅದೇ ಕಸದ ಡಬ್ಬಿಯಲ್ಲಿ ಮೂಳೆ, ಬಾಟ್ಲಿ. ಏಜೆಂಟನ ಹೆಂಡತಿ ಮೂಗಿಗೆ ಸೆರಗು ಹಿಡಿಯಲಿಲ್ಲ. ಮೇಲಿನ ಮಹಡಿಯ ಮುದುಕಿ ಊಟ ಬಿಟ್ಟ ಸುದ್ದಿಯೂ ಬರಲಿಲ್ಲ. ರಾಜಶೇಖರಪ್ಪ ಮಾತ್ರ ನನ್ನನ್ನು ಕಂಡರೆ, ‘ಅವರು ಗೆಸ್ಟ್‌ಗಳು ಮೇಡಂ, ಒಂದೆರಡು ದಿನ ಇದ್ದು ಹೋಗೋರು, ಏನ್ ಮಾಡದು’ ಎಂದು ನಗುತ್ತಿದ್ದರು. ಇದ್ದು ಹೋಗುವವರು ತಿಂದರೆ ವಾಸನೆ ಇಲ್ಲ!

ಕಾಫಿ ಕೊಯ್ಲು ಶುರುವಾಗುವ ಮುಂಚೆ ಕಣ್ಣು ತೋರಿಸಿಕೊಳ್ಳಲು ಅವ್ವ ಬಂದಳು. ಮೆಟ್ಟಿಲು ಹತ್ತುತ್ತಿದ್ದಂತೆ ನಿಂತು ಮೂಗೆಳೆದಳು.

‘ಇದೇನೇ, ಕೋಳಿ ಸುಡ್ತಾವ್ರೆ! ನಿನ್ನ ಓನರು ಮನಸು ಬದ್ಲಾಯ್ಸಿದ್ನಾ? ಆ ನರ್ಸಮ್ಮ ಎಲ್ಲಿ?’

ಹೇಳಿದೆ. ಮೊದಲು ಅರ್ಧ ಹೇಳಿದೆ. ಅವ್ವ ಬಿಡಲಿಲ್ಲ, ಪೂರ್ತಿ ಹೇಳಿಸಿದಳು. ಕೇಳಿ ಮುಗಿದ ಮೇಲೆ ಮತ್ತೆ ಚಪ್ಪಲಿ ಮೆಟ್ಟಿ ಕೆಳಗಿಳಿದಳು. ನಾನು ಹಿಂದೆ ಓಡಿದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಮುಳ್ಳುತಂತಿ ಅಳೆಸುತ್ತಿದ್ದರು.

‘ಬನ್ನಿ ಅಮ್ಮ, ಕೂತ್ಕಳಿ. ಟೀ ತರಿಸ್ತೀನಿ’ ಅಂದರು ರಾಜಶೇಖರಪ್ಪ.

‘ಟೀ ಬ್ಯಾಡ. ಆಷಾಢದಲ್ಲಿ ನಿನ್ನ ಮೆಟ್ಲ ಕೆಳಗೆ ಬಿದ್ದಿತ್ತಲ್ಲ ಏಡಿ ಚಿಪ್ಪು, ಅದು ನಾನು ಹಿಡ್ಕಂಡು ಬಂದಿದ್ದು. ನಾನೇ ಬೇಯ್ಸಿದ್ದು, ನನ್ನ ಮಗಳು ತಿಂದಿದ್ದು. ಆ ನರ್ಸಮ್ಮಂದೇನೂ ತಪ್ಪಿಲ್ಲ.’

ರಾಜಶೇಖರಪ್ಪನ ಮುಖದಲ್ಲಿ ಏನಾದರೂ ಒಂದು ಬದಲಾಗುತ್ತದೆ ಎಂದು ಕಾದೆ. ನಗು ಹಾಗೇ ಇತ್ತು.

‘ಗೊತ್ತಿತ್ತು ಬಿಡಿ ಅಮ್ಮ. ಗದ್ದೆ ಏಡಿ ಪೇಟೇಲಿ ಎಲ್ಲಿ ಸಿಗ್ತದೆ? ನೀವು ಚೀಲ ಹಿಡ್ಕಂಡು ಬಂದಾಗ ನಾನು ಇಲ್ಲೇ ಕೂತಿದ್ದೆ.’

‘ಮತ್ತೆ ಅವ್ಳನ್ಯಾಕಪ್ಪ ಓಡ್ಸಿದೆ?’

‘ಆ ಮನೆ ಹೆಂಗೂ ಬೇಕಾಗಿತ್ತು. ಮೇಡಂ ನಮ್ಮೋರು ಕಣಮ್ಮ. ನಮ್ಮೋರು ತಪ್ಪು ಮಾಡಿದ್ರೆ ನಾವೇ ಮುಚ್ಕಬೇಕಲ್ವ?’ ನನ್ನ ಕಡೆ ತಿರುಗಿ, ‘ಮೇಡಮ್ಮೂ ಒಂದು ಮಾತು ಹೇಳಿ ಸಹಾಯ ಮಾಡಿದ್ರು’ ಅಂದರು.

ಗಿರಾಕಿಗಳಿಬ್ಬರೂ ನನ್ನನ್ನು ನೋಡಿದರು. ಇಷ್ಟು ದಿನ ನಾನು ಆ ಮನುಷ್ಯನನ್ನು ಮೋಸಗೊಳಿಸಿದ್ದೇನೆ ಎಂದುಕೊಂಡು ಹೆದರಿ ಬದುಕಿದ್ದೆ. ಅವನು ನನ್ನನ್ನು ತನ್ನ ಅಂಗಡಿಯ ಇಕ್ಕಳದ ಹಾಗೆ ಎತ್ತಿ, ಬಳಸಿ, ಇಟ್ಟಿದ್ದ.

ಮೆಟ್ಟಿಲು ಹತ್ತುವಾಗ ಅವ್ವ ಅವನನ್ನು ಬೈಯಲಿಲ್ಲ. ‘ಅವನಿಗೆ ನೀನು ನಮ್ಮೋಳಾಗ್ಬುಟ್ಟಿದ್ದೀಯ’ ಅಂದಳು. ‘ನನಗೆ ನೀನು ಯಾರು ಅಂತ ಗೊತ್ತಾಗ್ತಿಲ್ಲ ಕಣೆ.’ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದಳು. ಕಣ್ಣು ತೋರಿಸಲು ಆ ಸಲ ನನ್ನನ್ನು ಕರೆಯಲಿಲ್ಲ.

ಆ ವಾರವೇ ಮನೆ ಬಿಟ್ಟೆ ಎಂದು ಬರೆಯಲು ಆಸೆ. ಬಿಟ್ಟಿದ್ದು ಸಂಕ್ರಾಂತಿ ಕಳೆದ ಮೇಲೆ, ಸಹೋದ್ಯೋಗಿಯೊಬ್ಬರ ಮನೆಯ ಹಿಂದೆ ಒಂದು ಕೋಣೆ ಸಿಕ್ಕಿದ ಮೇಲೆ. ಸಾಮಾನು ಸಾಗಿಸಿದ ಮರುದಿನ ಭಾನುವಾರ ಬಸ್ಸು ಹತ್ತಿ ಆನೇಮಹಲ್‌ಗೆ ಹೋದೆ. ಗ್ಯಾರೇಜಿನ ಹಿಂದೆ, ಕಳಚಿಟ್ಟ ಟೈರುಗಳ ಪಕ್ಕ, ಬಾಗಿಲು ತೆರೆದಿತ್ತು. ಸಿಸ್ಟರ್ ಬಟ್ಟೆ ಒಗೆಯುತ್ತಿದ್ದರು. ಕೈ ಒರೆಸಿಕೊಂಡು ಎದ್ದರು, ಒಳಗೆ ಕರೆಯಲಿಲ್ಲ. ಹೈವೇಯ ಸದ್ದಿನಲ್ಲಿ ನಾನು ಹೇಳಬೇಕಾದ್ದನ್ನು ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಲಾರಿಯೊಂದು ನುಂಗಿಕೊಂಡಿತು.

‘ನಮಗೆ ಅವತ್ತೇ ಗೊತ್ತಿತ್ತು ಮೇಡಂ’ ಅಂದರು. ‘ನಾನು ಓನರಿಗೆ ಹೇಳುವವಳಿದ್ದೆ. ಅನಿತ ಬಿಡಲಿಲ್ಲ. ಮೇಡಮ್ಮೇ ಹೇಳ್ತಾರೆ ಅಮ್ಮ, ನೀನು ಹೇಳಿದರೆ ಅವರಿಗೆ ಅವಮಾನ ಆಗುತ್ತದೆ, ಕಾಯುವಾ ಅಂದಳು. ಕಾದೆವು. ಇಪ್ಪತ್ತು ದಿನ.’

ಅನಿತ ಒಳಗೆ ಗೋಡೆಗೆ ಒರಗಿ ಲೆಕ್ಕ ಮಾಡುತ್ತಿದ್ದಳು. ಅವಳ ಕಡೆ ತಿರುಗಿ, ‘ಪರೀಕ್ಷೆಗೆ ಇನ್ನು ಎರಡು ತಿಂಗಳಿದೆ. ಭಾನುವಾರ ಇಲ್ಲಿಗೇ ಬಂದು ಪಾಠ ಹೇಳ್ತೀನಿ’ ಅಂದೆ.

ಅವಳು ತಲೆಯೆತ್ತಿದಳು. ‘ಬೇಡ ಮೇಡಂ. ನಾನೇ ಮಾಡ್ಕೊಳ್ತೇನೆ.’

ಮಾಡಿಕೊಂಡಳು. ಫಲಿತಾಂಶ ಬಂದಾಗ ಗಣಿತದಲ್ಲಿ ಶಾಲೆಗೇ ಮೊದಲು. ಆಗಸ್ಟ್ ಹದಿನೈದರ ಕಾರ್ಯಕ್ರಮಕ್ಕೆ ಮುಖ್ಯೋಪಾಧ್ಯಾಯರು ತಾಯಿ ಮಗಳಿಬ್ಬರನ್ನೂ ಕರೆಸಿದ್ದರು. ಬೆಳಗಿನಿಂದ ತುಂತುರು, ಶಾಮಿಯಾನದ ಅಂಚಿನಿಂದ ನೀರು ಸುರಿಯುತ್ತಿತ್ತು. ಮುಖ್ಯೋಪಾಧ್ಯಾಯರು ಮೈಕು ಸಿಕ್ಕಿದರೆ ಬಿಡುವವರಲ್ಲ. ‘ಈ ಅಂಕದ ಹಿಂದೆ ಒಬ್ಬ ಗುರುವಿನ ತ್ಯಾಗ ಇದೆ. ಶಾಲೆ ಮುಗಿದ ಮೇಲೆ ತಮ್ಮ ಮನೆಯಲ್ಲೇ ಕೂರಿಸಿಕೊಂಡು, ಸ್ವಂತ ಮಗಳ ಹಾಗೆ ಪಾಠ ಹೇಳಿದ್ದಾರೆ’ ಎಂದು ಶುರುಮಾಡಿದರು. ನನ್ನನ್ನು ವೇದಿಕೆಗೆ ಕರೆದರು. ಬೇಡವೆನ್ನಬಹುದಿತ್ತು. ಹೋಗಿ ನಿಂತೆ.

‘ಶಾಲನ್ನು ಆ ವಿದ್ಯಾರ್ಥಿನಿಯೇ ಹೊದಿಸಲಿ’ ಅಂದರು. ಚಪ್ಪಾಳೆ ಬಿತ್ತು. ಅನಿತ ಮೆಟ್ಟಿಲು ಹತ್ತಿ ಬಂದಳು. ತಟ್ಟೆಯಿಂದ ಶಾಲು ಎತ್ತಿ, ಮಡಿಕೆ ಬಿಚ್ಚಿ, ನನ್ನ ಎದುರು ನಿಂತು ಎರಡು ಕೈಯನ್ನೂ ಮೇಲೆತ್ತಿದಳು. ನನ್ನ ತಲೆ ದಾಟಿಸಿ ಹೆಗಲಿಗೆ ಹಾಕಲು ಅವಳ ಎತ್ತರಕ್ಕೆ ಎಟುಕಲಿಲ್ಲ.

‘ತಲೆ ಬಗ್ಗಿಸಿ ಮೇಡಂ’ ಅಂದಳು, ನನಗೊಬ್ಬಳಿಗೇ ಕೇಳುವ ಹಾಗೆ.

ಬಗ್ಗಿಸಿದೆ.